ಮನಸೆಳೆದರೂ ಅಂಗಡಿಗೆ ಬಾರದ ಟ್ಯಾಬ್ಲೆಟ್



ಹೊಸದೊಂದು ಟ್ಯಾಬ್ಲೆಟ್ ಕಂಪ್ಯೂಟರಿನ ಚಿತ್ರವನ್ನು ನೀವು ನೋಡುತ್ತೀರಿ. ವಿವರಗಳನ್ನು ಓದುತ್ತಾ ಹೋದಂತೆ ಆಸೆ ಹೆಚ್ಚುತ್ತದೆ. ಕೊನೆಯಲ್ಲಿ ಮಾತ್ರ 'ಉದ್ಯಮ ಸಂಸ್ಥೆಗಳಿಗಷ್ಟೇ ಮಾರಾಟ' ಎಂದಿರುತ್ತದೆ! ಹಣ ಕೊಡಲು ಸಿದ್ಧನಿರುವ ಗಿರಾಕಿಗೆ ಸರಕಿಲ್ಲ ಎನ್ನುವುದು ಏಕೆ? ನಡೆದ ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ.

2010ರ ಏಪ್ರಿಲ್‌ನಲ್ಲಿ ಅಮೆರಿಕದ ಆಪಲ್ ಕಂಪನಿಯ ಐಪ್ಯಾಡ್ ಮಾರುಕಟ್ಟೆಗೆ ಬಂದಿತು. ಆರಂಭಿಕ ಬೆಲೆ 499 ಡಾಲರ್. ಯಾರು ಬೇಕಾದರೂ ಕೊಳ್ಳಬಹುದಿತ್ತು. ಅದೇ ವರ್ಷದ ಜೂನ್‌ನಲ್ಲಿ, ಕಂಪ್ಯೂಟರ್ ಜಾಲದ ಉಪಕರಣಗಳಿಗೆ ಹೆಸರಾದ ಸಿಸ್ಕೋ ಕಂಪನಿಯು 'ಸಿಯಸ್' ಎಂಬ ಟ್ಯಾಬ್ಲೆಟನ್ನು ಪ್ರಕಟಿಸಿತು. ಅದಕ್ಕೆ 7 ಅಂಗುಲದ ಪರದೆ, ಆಂಡ್ರಾಯ್ಡ್ ತಂತ್ರಾಂಶ. ತೂಕ ಸುಮಾರು 520 ಗ್ರಾಂ. ಮೊದಲ ಐಪ್ಯಾಡಿನಲ್ಲಿ ಕ್ಯಾಮೆರಾ ಇರಲಿಲ್ಲ; ಸಿಯಸ್‌ನಲ್ಲಿ ಹಿಂದೊಂದು, ಮುಂದೊಂದು ಕ್ಯಾಮೆರಾ ಇದ್ದವು. ಬ್ಯಾಟರಿಯನ್ನು ತೆಗೆದು ಬದಲಿಸಬಹುದಿತ್ತು. ಮೇಜಿನ ಮೇಲಿನ ಪೀಠದಲ್ಲಿ ಕೂರಿಸಿದರೆ ಅದೇ ಕಚೇರಿಯ ದೂರವಾಣಿ. ಎತ್ತಿಕೊಂಡು ಹೊರಟರೆ ಮುಖ ನೋಡಿ ಮಾತನಾಡುವ ಸಾಧನ. ಆದರೆ ಅದು ಸಂಸ್ಥೆಗಳಿಗಾಗಿಯೇ ತಯಾರಾದ ಸರಕು.

ಇದಕ್ಕೆ ಕಾರಣಗಳಿವೆ. ಸಂಸ್ಥೆಯೊಂದು ನೂರಾರು ಟ್ಯಾಬ್ಲೆಟ್‌ಗಳನ್ನು ಒಟ್ಟಿಗೆ ಕೊಳ್ಳುತ್ತದೆ. ಅದು ಕೊಳ್ಳುವುದು ಬರಿಯ ಯಂತ್ರವನ್ನಲ್ಲ. ದುರಸ್ತಿ, ಬಿಡಿಭಾಗ ಮತ್ತು ಮಾಹಿತಿಯ ರಕ್ಷಣೆಯ ಭರವಸೆಯನ್ನೂ ಕೊಳ್ಳುತ್ತದೆ. ಒಬ್ಬೊಬ್ಬ ಗಿರಾಕಿಗೂ ಇಂಥ ಸೇವೆ ಒದಗಿಸುವುದು ತಯಾರಕರಿಗೆ ದುಬಾರಿ. ಸಿಯಸ್‌ನ ಮಟ್ಟಿಗೆ ಇನ್ನೂ ಒಂದು ಮಾತಿದೆ. ಕಚೇರಿಯ ದೂರವಾಣಿ ವ್ಯವಸ್ಥೆಗೆ ಜೋಡಿಸಿದಾಗಲೇ ಅದರ ಪೂರ್ಣ ಪ್ರಯೋಜನ. ಮನೆಯಲ್ಲಿ ಅದರ ಅರ್ಧ ಗುಣ ವ್ಯರ್ಥ. ಅದರಲ್ಲಿ ಯಾವ ತಂತ್ರಾಂಶ ಇರಬೇಕೆಂಬುದನ್ನೂ ಕಚೇರಿಯೇ ನಿಯಂತ್ರಿಸಬಹುದಿತ್ತು.

ಇಷ್ಟಿದ್ದರೂ ಸಿಯಸ್ ಬಾಳಲಿಲ್ಲ. 2011ರಲ್ಲಿ ಮಾರಾಟಕ್ಕೆ ಬಂದ ಅದರ ಮೇಲೆ ಇನ್ನು ಬಂಡವಾಳ ಹೂಡುವುದಿಲ್ಲವೆಂದು 2012ರ ಮೇ ತಿಂಗಳಲ್ಲಿ ಕಂಪನಿಯೇ ತಿಳಿಸಿತು. ತಮ್ಮ ಸಮೀಕ್ಷೆಗೆ ಒಳಪಟ್ಟ ಸಂಸ್ಥೆಗಳಲ್ಲಿ ಶೇಕಡಾ 95ರಷ್ಟು, ನೌಕರರ ಸ್ವಂತ ಉಪಕರಣಗಳಿಗೆ ಒಂದಲ್ಲ ಒಂದು ಬಗೆಯಲ್ಲಿ ಅವಕಾಶ ಕೊಟ್ಟಿವೆ ಎಂದೂ ಅದು ಹೇಳಿತು. ಸಿಯಸ್‌ಗೆ ಹಣ ಕೊಡಬೇಕಾದದ್ದು ಕಚೇರಿ, ಬಳಸಬೇಕಾದವನು ನೌಕರ. ಅವನ ಕೈಯಲ್ಲಿ ಆಗಲೇ ತಾನು ಮೆಚ್ಚಿ ಕೊಂಡ ಉಪಕರಣವಿತ್ತು.

ಹಾಗಾದರೆ ಸಂಸ್ಥೆಗಳಿಗೆಂದೇ ಮಾಡಿದ ಟ್ಯಾಬ್ಲೆಟ್‌ಗಳೆಲ್ಲ ಸೋಲುತ್ತವೆಯೇ? ಇಲ್ಲ. 2011ರ ನವೆಂಬರ್‌ನಲ್ಲಿ ಜಪಾನಿನ ಪ್ಯಾನಸಾನಿಕ್ ಕಂಪನಿಯು 'ಟಫ್‌ಪ್ಯಾಡ್' ಎಂಬ ಗಟ್ಟಿ ಟ್ಯಾಬ್ಲೆಟನ್ನು ಪ್ರಕಟಿಸಿತು. ಬೆಲೆ 1,299 ಡಾಲರ್. ನಾಲ್ಕು ಅಡಿ ಎತ್ತರದಿಂದ ಬಿದ್ದರೂ ಕೆಡದಂತೆ, ಧೂಳು ನೀರು ಒಳಸೇರದಂತೆ ಅದನ್ನು ರೂಪಿಸಲಾಗಿತ್ತು. ಬಿಸಿಲು ಮಳೆಯಲ್ಲಿ ದುಡಿಯುವವನಿಗೆ ಬೇಕಾದದ್ದೂ ಅದೇ, ಅವನ ಸಂಸ್ಥೆಗೆ ಬೇಕಾದದ್ದೂ ಅದೇ. ಈ ಬಗೆಯ ಟ್ಯಾಬ್ಲೆಟ್‌ಗಳು ಆಮೇಲೂ ಉಳಿದು ಬೆಳೆದವು.

ಬಸ್ಸಿನಲ್ಲಿ ಕಂಡಕ್ಟರರ ಕೈಯಲ್ಲಿರುವ ಟಿಕೆಟ್ ಯಂತ್ರವನ್ನು ನೋಡಿ. ನಿಮ್ಮ ಕಾಲೇಜಿನ ಪ್ರಯೋಗಾಲಯದ ಕಂಪ್ಯೂಟರನ್ನು ನೋಡಿ. ಅವನ್ನು ಕೊಂಡವರು ಯಾರು, ದಿನವೂ ಬಳಸುವವರು ಯಾರು? ಕೊಳ್ಳುವ ಮೊದಲು ಬಳಸುವವರನ್ನು ಒಂದು ಮಾತು ಕೇಳಿದ್ದರೆ ಏನು ಬದಲಾಗುತ್ತಿತ್ತು? ಯೋಚಿಸಿ, ನಿಮ್ಮ ಅಧ್ಯಾಪಕರೊಡನೆ ಚರ್ಚಿಸಿ. ನಾಳೆ ಕೊಳ್ಳುವ ನಿರ್ಧಾರ ನಿಮ್ಮದಾದಾಗ ಈ ಪ್ರಶ್ನೆ ನೆನಪಿರಲಿ.