ಕೆಂಗೇರಿ ಬೆಳೀತು, ಕೇಳೋರು ಯಾರು?

ಮೈಸೂರು ರಸ್ತೆಯಲ್ಲಿ ದಿನಾ ಬಸ್ಸಿನ ಕಂಬಿ ಹಿಡಿದು ಓಡಾಡುವ ನಮ್ಮ ಓದುಗರಿಗೆ ಕೆಂಗೇರಿಯನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಮೆಜೆಸ್ಟಿಕ್ಕಿನಿಂದ ಸುಮಾರು ಹದಿನೈದು ಕಿಲೋಮೀಟರು. ಒಂದು ಕಾಲದಲ್ಲಿ ಮೈಸೂರಿನಿಂದ ಬರುವವರು ಕೆಂಗೇರಿ ಕಂಡ ಕೂಡಲೇ "ಅಬ್ಬ, ಬೆಂಗಳೂರು ಬಂತಪ್ಪ" ಎಂದು ಸೀಟಿನಡಿ ಚಪ್ಪಲಿ ಹುಡುಕುತ್ತಿದ್ದರು. ಬೆಂಗಳೂರಿನಿಂದ ಹೊರಟವರು "ಊರು ಮುಗೀತು" ಎಂದು ನಿದ್ದೆಗೆ ಜಾರುತ್ತಿದ್ದರು. ಈಗ ಬೆಂಗಳೂರು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಕಂಡಕ್ಟರನ್ನು ಕೇಳಿದರೆ ಅವನೂ ತಲೆ ಕೆರೆದುಕೊಳ್ಳಬೇಕು.

ಊರು ಬೆಳೆದಿದೆ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಹಳೇ ಕೆಂಗೇರಿಯ ಬೀದಿಗಳ ಜೊತೆಗೆ ಕೆಂಗೇರಿ ಉಪನಗರ ಬಂತು. ಉಲ್ಲಾಳದ ಕಡೆ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ ಎದ್ದಿತು. ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ನಾಲ್ಕು ಸಾವಿರ ಎಕರೆಗೂ ಮಿಗಿಲಾದ ನಾಡಪ್ರಭು ಕೆಂಪೇಗೌಡ ಬಡಾವಣೆ ಗೆರೆ ಎಳೆಸಿಕೊಂಡಿತು. 2021ರ ಆಗಸ್ಟ್‌ನಲ್ಲಿ ಮೆಟ್ರೋ ರೈಲು ಕೆಂಗೇರಿ ಮುಟ್ಟಿತು. 2023ರ ಅಕ್ಟೋಬರ್‌ನಲ್ಲಿ ಅದನ್ನೂ ದಾಟಿ ಚಲ್ಲಘಟ್ಟಕ್ಕೆ ಹೋಯಿತು. ಅದೇ 2023ರ ಮಾರ್ಚ್‌ನಲ್ಲಿ ಮೈಸೂರಿನ ಹೆದ್ದಾರಿ ಹೊಸ ರೂಪದಲ್ಲಿ ಉದ್ಘಾಟನೆಯಾಯಿತು.

ಎಲ್ಲಾ ಸರಿ ಸ್ವಾಮಿ. ಈಗ ಒಂದು ಸಣ್ಣ ಪ್ರಶ್ನೆ. ನಾಳೆ ಬೆಳಿಗ್ಗೆ ನಿಮ್ಮ ಅಂಗಡಿ ಮುಂದಿನ ಮೋರಿ ಕಟ್ಟಿಕೊಂಡಿತು ಎನ್ನಿ. ಯಾರನ್ನು ಹೋಗಿ ಕೇಳ್ತೀರಿ?

ಪುರಸಭೆ ಇದ್ದ ಕಾಲ

2007ಕ್ಕೆ ಮುಂಚೆ ಈ ಪ್ರಶ್ನೆಗೆ ಉತ್ತರ ಸುಲಭವಿತ್ತು. ಕೆಂಗೇರಿಗೆ ತನ್ನದೇ ಆದ ಪುರಸಭೆ ಇತ್ತು. ಪುರಸಭೆ ಅಂದರೆ ಕಾನೂನಿನ ಪ್ರಕಾರ ಇಪ್ಪತ್ತಕ್ಕೂ ಹೆಚ್ಚು ಚುನಾಯಿತ ಸದಸ್ಯರು. ಅವರ ಮೇಲೊಬ್ಬ ಅಧ್ಯಕ್ಷರು. ಸದಸ್ಯರು ಎಲ್ಲೋ ಇರುವವರಲ್ಲ. ಇದೇ ಬೀದಿಯವರು, ಇದೇ ಮಾರಮ್ಮನ ಜಾತ್ರೆಗೆ ಬರುವವರು, ಇದೇ ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯುವವರು. ನಲ್ಲಿಯಲ್ಲಿ ನೀರು ಬರಲಿಲ್ಲ ಅಂದರೆ ಬಿಂದಿಗೆ ಹಿಡಿದುಕೊಂಡೇ ಅವರ ಮನೆ ಬಾಗಿಲಿಗೆ ಹೋಗಬಹುದಿತ್ತು. "ಏನಣ್ಣಾ, ವೋಟು ಕೇಳೋಕೆ ಬಂದಾಗ ಏನಂದಿದ್ದೆ?" ಎಂದು ನಾಲ್ಕು ಜನರೆದುರು ಕೇಳಿದರೆ ಆತ ಉತ್ತರ ಹೇಳಲೇಬೇಕಿತ್ತು. ಹೇಳದಿದ್ದರೆ ಸಂಜೆ ಆತನ ಹೆಂಡತಿಗೆ ಬೀದಿಯ ಹೆಂಗಸರು ಹೇಳುತ್ತಿದ್ದರು.

ಪುರಸಭೆ ಎಂದರೆ ರಾಮರಾಜ್ಯ ಅಂತ ಈ ಅಂಕಣಕಾರ ಹೇಳುತ್ತಿಲ್ಲ. ಖಾತೆಗೆ ಓಡಾಡಿ ಚಪ್ಪಲಿ ಸವೆಸಿದವರು ಯಾವ ಊರಿನಲ್ಲಿಲ್ಲ? ತಮ್ಮವರ ಬೀದಿಗೆ ದೀಪ, ಆಗದವರ ಬೀದಿಗೆ ಕತ್ತಲೆ ಎನ್ನುವ ಪದ್ಧತಿಯೂ ಎಲ್ಲ ಕಡೆ ಇದ್ದದ್ದೇ. ಆದರೆ ಬೈಯಲಿಕ್ಕೆ ಒಂದು ಮುಖ ಇತ್ತು. ಆ ಮುಖದ ಮನೆ ಗೊತ್ತಿತ್ತು.

ಎಂಟು ಊರು, ಒಂದು ಪಾಲಿಕೆ

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿತು. ಹಳೇ ಬೆಂಗಳೂರಿನ ಜೊತೆಗೆ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿದರು. ಏಳು ನಗರಸಭೆಗಳು ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ಬೊಮ್ಮನಹಳ್ಳಿ ಮತ್ತು ರಾಜರಾಜೇಶ್ವರಿನಗರ. ಆ ಒಂದೇ ಒಂದು ಪುರಸಭೆ ನಮ್ಮ ಕೆಂಗೇರಿ. ದೊಡ್ಡ ಮದುವೆ ಊಟದಲ್ಲಿ ಕೊನೇ ಪಂಕ್ತಿಗೆ ಕೂತ ಹುಡುಗನ ಹಾಗೆ.

ಸೇರಿಸಿದಾಗ ಹೇಳಿದ್ದು ಏನು? ದೊಡ್ಡ ಪಾಲಿಕೆಗೆ ದೊಡ್ಡ ದುಡ್ಡು, ದೊಡ್ಡ ಕೆಲಸ. ಮಾತು ಪೂರ್ತಿ ಸುಳ್ಳಾಗಲಿಲ್ಲ. ಆದರೆ ಸೇರಿದ ಊರಿನವರು ಮೊದಲು ಕಂಡದ್ದು ಖಾಲಿ ಕುರ್ಚಿ. ಹಳೇ ಸದಸ್ಯರು ಮಾಜಿಗಳಾದರು. ಹೊಸಬರನ್ನು ಆರಿಸುವ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಅಲ್ಲಿಗೆ ಮೂರು ವರ್ಷ ಹೋಯಿತು.

ಚುನಾವಣೆ ಆದ ಮೇಲೆ ಏನಾಯಿತು? ಇಡೀ ಬೆಂಗಳೂರಿಗೆ 198 ವಾರ್ಡು. ಕೆಂಗೇರಿ ಹೆಸರಿನಲ್ಲಿ ಉಳಿದದ್ದು ಒಂದೇ ವಾರ್ಡು, ನಂಬರು 159. ಇಪ್ಪತ್ತಕ್ಕೂ ಹೆಚ್ಚು ಬಾಗಿಲು ಇದ್ದ ಊರಿಗೆ ಒಂದೇ ಬಾಗಿಲು. 2011ರ ಜನಗಣತಿಯಲ್ಲಿ ಬೆಂಗಳೂರಿನ ಜನ 84 ಲಕ್ಷ ದಾಟಿತು. ಅದನ್ನು 198ರಿಂದ ಭಾಗಿಸಿ ನೋಡಿ. ಒಬ್ಬ ಕಾರ್ಪೊರೇಟರಿಗೆ ಸರಾಸರಿ 42 ಸಾವಿರಕ್ಕೂ ಹೆಚ್ಚು ಜನ! ಹಿಂದೆ ಅಷ್ಟು ಜನರ ಊರಿಗೆ ಒಂದು ಪೂರಾ ಪುರಸಭೆಯೇ ಇರುತ್ತಿತ್ತು.

ಆ ಒಂದು ಬಾಗಿಲೂ 2020ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಪಾಲಿಕೆಯ ಅವಧಿ ಮುಗಿಯಿತು. ಆಡಳಿತಾಧಿಕಾರಿ ಬಂದರು. ಚುನಾವಣೆ ನಡೆಸಿ ಎಂದು 2020ರ ಡಿಸೆಂಬರ್‌ನಲ್ಲಿ ಹೈಕೋರ್ಟು ಹೇಳಿತು. ಅದೇ ತಿಂಗಳು ಸುಪ್ರೀಂ ಕೋರ್ಟಿನಲ್ಲಿ ತಡೆ ಸಿಕ್ಕಿತು. ಆಮೇಲೆ ನಡೆದದ್ದು ಲೆಕ್ಕದ ಆಟ. 198 ವಾರ್ಡು 243 ಆಯಿತು, 243 ಹೋಗಿ 225 ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಪಾಲಿಕೆಯೇ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ಪಾಲಿಕೆಗಳು ಬಂದವು. ನವೆಂಬರ್ ಹೊತ್ತಿಗೆ ಐದೂ ಪಾಲಿಕೆ ಸೇರಿ 369 ವಾರ್ಡು ಎಂದಾಯಿತು. ನಕ್ಷೆ ಬದಲಾಯಿತು, ಬೋರ್ಡು ಬದಲಾಯಿತು, ಪಾಲಿಕೆಯ ಹೆಸರು ಬದಲಾಯಿತು. 2025 ಮುಗಿದರೂ ಕುರ್ಚಿಯಲ್ಲಿ ಚುನಾಯಿತರೊಬ್ಬರೂ ಕೂರಲಿಲ್ಲ.

ಸಂವಿಧಾನ ಏನನ್ನುತ್ತದೆ ಗೊತ್ತೇ? 1993ರಿಂದ ಜಾರಿಯಲ್ಲಿರುವ 74ನೇ ತಿದ್ದುಪಡಿಯ ಪ್ರಕಾರ ನಗರ ಸಂಸ್ಥೆಯ ಅವಧಿ ಐದು ವರ್ಷ. ಅದು ಮುಗಿಯುವುದರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕು. ಇಲ್ಲಿ ಆದದ್ದು ತಿರುಗಾ ಮುರುಗಾ. ಚುನಾಯಿತರಿಲ್ಲದ ಅವಧಿಯೇ ಐದು ವರ್ಷ ದಾಟಿತು. 2007ರಿಂದ 2025ರವರೆಗಿನ ಒಟ್ಟು ಲೆಕ್ಕ ಹಾಕಿದರೆ ಎಂಟು ವರ್ಷಕ್ಕೂ ಮೇಲೆ ಕೆಂಗೇರಿಯ ಪರವಾಗಿ ಪಾಲಿಕೆಯಲ್ಲಿ ಎದ್ದು ನಿಂತು ಮಾತಾಡುವವರೇ ಇರಲಿಲ್ಲ.

ಮೋರಿ ನೀರಿಗೆ ದಾರಿ ಗೊತ್ತು

ಈಗ ನಿಮ್ಮ ಅಂಗಡಿ ಮುಂದಿನ ಮೋರಿಗೆ ಬರೋಣ. ಅದು ಮಳೆ ನೀರಿನ ಮೋರಿಯಾದರೆ ಪಾಲಿಕೆಯ ಕೆಲಸ. ಅದರೊಳಗೆ ಹರಿಯುತ್ತಿರುವುದು ಒಡೆದ ಒಳಚರಂಡಿಯ ಕೊಳಚೆಯಾದರೆ ಜಲಮಂಡಳಿ. ಬಡಾವಣೆ ಇನ್ನೂ ಪಾಲಿಕೆಗೆ ಹಸ್ತಾಂತರವಾಗಿಲ್ಲದಿದ್ದರೆ ಬಿಡಿಎ. ಹೆದ್ದಾರಿ ಪಕ್ಕದ್ದಾದರೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ. ಮೋರಿ ಪಕ್ಕದಲ್ಲಿ ಬಾಗಿ ನಿಂತ ಕರೆಂಟು ಕಂಬ ಬೆಸ್ಕಾಂ. ಮೋರಿ ಮುಂದೆ ನಿಲ್ಲುವ ಬಸ್ಸು ಬಿಎಂಟಿಸಿ. ತಲೆ ಮೇಲೆ ಹೋಗುವ ರೈಲು ಮೆಟ್ರೋ ನಿಗಮ. ಒಂದು ಅಂಗಡಿಯ ಮುಂದೆ ಏಳು ಯಜಮಾನರು! ಏಳು ಜನಕ್ಕೂ ಬೇರೆ ಬೇರೆ ಆಫೀಸು, ಬೇರೆ ಬೇರೆ ಫೋನು.

ಮಳೆ ಬಂದ ದಿನ ಒಳಚರಂಡಿ ಉಕ್ಕಿ ಮೋರಿಗೆ ಸೇರುತ್ತದೆ. ಮೋರಿ ಉಕ್ಕಿ ಅಂಗಡಿಗೆ ಬರುತ್ತದೆ. ಪಾಲಿಕೆಯವರು ನೋಡಿ "ಇದು ಸ್ಯಾನಿಟರಿ, ನಮ್ಮದಲ್ಲ" ಅನ್ನುತ್ತಾರೆ. ಜಲಮಂಡಳಿಯವರು "ಮೊದಲು ಅವರು ಹೂಳು ತೆಗೀಲಿ" ಅನ್ನುತ್ತಾರೆ. ಇಬ್ಬರೂ ಹೇಳುವುದು ನಿಜವೇ ಇರಬಹುದು. ನೆಂದು ಹೋದ ಸಕ್ಕರೆ ಮೂಟೆ ಮಾತ್ರ ಅಂಗಡಿಯವನದು.

ಅಷ್ಟರಲ್ಲಿ ಆ ನೀರು ಯಾರನ್ನೂ ಕೇಳದೆ ತನ್ನ ಪಾಡಿಗೆ ಹೋಗುತ್ತದೆ. ಕಾಲುವೆಗಳಿಂದ ವೃಷಭಾವತಿಗೆ, ಅಲ್ಲಿಂದ ಬೈರಮಂಗಲದ ಕಡೆಗೆ, ಕೊನೆಗೆ ಅರ್ಕಾವತಿ ಸೇರಿ ಕಾವೇರಿಗೆ. ಬೆಂಗಳೂರಿನ ಕೊಳಚೆ ಹೊತ್ತು ಮೈಸೂರು ರಸ್ತೆಯ ಮಗ್ಗುಲಲ್ಲೇ ಹರಿಯುವ ಆ ಹೊಳೆಯ ವಾಸನೆ ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಚೆನ್ನಾಗಿ ಗೊತ್ತು. ಮೋರಿ ನೀರಿಗೆ ತನ್ನ ದಾರಿ ಗೊತ್ತು. ನಮ್ಮ ಅರ್ಜಿಗೆ ಮಾತ್ರ ಗೊತ್ತಿಲ್ಲ.

ಕಾರ್ಪೊರೇಟರು ಇದ್ದಾಗ ಆತ ಮಾಡುತ್ತಿದ್ದ ದೊಡ್ಡ ಕೆಲಸ ಇದೇ. ಸ್ವಂತ ಕೈಯಿಂದ ಮೋರಿ ತೆಗೆಯುತ್ತಿರಲಿಲ್ಲ. ಪಾಲಿಕೆ ಇಂಜಿನಿಯರನ್ನೂ ಜಲಮಂಡಳಿ ಇಂಜಿನಿಯರನ್ನೂ ಒಂದೇ ದಿನ, ಒಂದೇ ಮೋರಿ ಮುಂದೆ ತಂದು ನಿಲ್ಲಿಸುತ್ತಿದ್ದ. ನಿಲ್ಲಿಸದಿದ್ದರೆ ಮುಂದಿನ ಸಲ ಜನ ಆತನನ್ನು ಕೂರಿಸುತ್ತಿದ್ದರು. ಅಧಿಕಾರಿಗೆ ಆ ಹೆದರಿಕೆ ಇಲ್ಲ. ಒಳ್ಳೆಯ ಅಧಿಕಾರಿ ಬಂದರೆ ಪುಣ್ಯ. ಆತನಿಗೆ ವರ್ಗವಾದರೆ ಮತ್ತೆ ಮೊದಲಿನಿಂದ ಕಥೆ ಹೇಳಬೇಕು.

ಅಂಗಡಿಯೇ ಆಫೀಸು

ಕೇಳುವವರು ಇಲ್ಲದ ಊರಿನಲ್ಲಿ ಜನ ಸುಮ್ಮನೆ ಕೂರುವುದಿಲ್ಲ. ಎಲ್ಲ ಬಡಾವಣೆಗಳಲ್ಲೂ ಆದದ್ದೇ ಕೆಂಗೇರಿಯಲ್ಲೂ ಆಗಿದೆ. ಪುರಸಭೆಯ ಅರ್ಧ ಕೆಲಸ ಅಂಗಡಿಯವರ ತಲೆಗೆ ಬಂದಿದೆ. ಬಾಡಿಗೆ ಮನೆ ಎಲ್ಲಿದೆ? ಅಂಗಡಿಯವರನ್ನು ಕೇಳಿ. ನೀರಿನ ಟ್ಯಾಂಕರಿನವನ ನಂಬರು? ಅಂಗಡಿಯವರ ಹತ್ತಿರ ಇದೆ. ಕಸದ ಗಾಡಿ ಬಂದು ಹೋಯಿತೇ? ಅವರಿಗೇ ಗೊತ್ತು. ಗಣೇಶನ ಚಂದಾ, ರಾಜ್ಯೋತ್ಸವದ ಬಾವುಟ, ಯಾರಿಗೋ ಹುಷಾರು ತಪ್ಪಿದರೆ ಆಟೋ ಕರೆಯುವುದು, ಎಲ್ಲಾ ಅಲ್ಲೇ. ಹಾಲಿನ ಬೂತಿನ ಮುಂದೆ ಬೆಳಿಗ್ಗೆ ಆರಕ್ಕೆ ಸೇರುವ ನಾಲ್ಕು ಜನ ಹಿರಿಯರೇ ಆ ಬೀದಿಯ ಸಭೆ; ಠರಾವು ಮಾತ್ರ ಬರೆಯುವವರಿಲ್ಲ.

ಇದು ಚೆಂದವೇ. ಹೊಸ ಊರಿನಲ್ಲಿ ಹುಬ್ಬಳ್ಳಿಯವರೂ ಹಾಸನದವರೂ ಆಂಧ್ರದವರೂ ಒಂದೇ ಬೀದಿಯವರು ಆಗುವುದು ಹೀಗೆಯೇ. ಆದರೆ ಅಂಗಡಿಯವರಿಗೆ ಮೋರಿ ತೆಗೆಸುವ ಅಧಿಕಾರ ಇಲ್ಲ. ಬೀದಿಯ ಒಳ್ಳೆಯತನ ಎಷ್ಟೇ ಇರಲಿ, ಅದರ ಹತ್ತಿರ ಜೆಸಿಬಿ ಇರುವುದಿಲ್ಲ, ಬಜೆಟ್ಟು ಇರುವುದಿಲ್ಲ.

ದುಡ್ಡು ಕೊಡುವುದರಲ್ಲಂತೂ ಈ ಜನ ಹಿಂದೆ ಬಿದ್ದವರಲ್ಲ. ಸೇರ್ಪಡೆಗೆ ಮುಂಚೆಯೇ ಈ ಎಂಟು ಊರುಗಳ ಜನ ಕುಡಿಯುವ ನೀರಿನ ಯೋಜನೆಗೆ ಮುಂಗಡ ವಂತಿಗೆ ಕಟ್ಟಿ ವರ್ಷಗಟ್ಟಲೆ ಕಾದದ್ದುಂಟು. 2012ರಲ್ಲಿ ಕಾವೇರಿ ನಾಲ್ಕನೇ ಹಂತದ ಎರಡನೇ ಘಟ್ಟದಿಂದ ನಗರಕ್ಕೆ ದಿನಕ್ಕೆ 50 ಕೋಟಿ ಲೀಟರು ಹೆಚ್ಚಿಗೆ ಬಂದ ಮೇಲೆ ಹೊರ ಬಡಾವಣೆಗಳಿಗೆ ಸ್ವಲ್ಪ ಉಸಿರು ಬಂತು. ಕಂದಾಯ ಕಟ್ಟುತ್ತಾರೆ, ವಂತಿಗೆ ಕಟ್ಟುತ್ತಾರೆ, ಕ್ಯೂನಲ್ಲಿ ನಿಲ್ಲುತ್ತಾರೆ. ಅವರು ಕೇಳುವುದು ಇಷ್ಟೇ: ಕೊಟ್ಟ ದುಡ್ಡಿಗೆ ಲೆಕ್ಕ ಕೇಳಲು ನಮ್ಮ ಊರಿನವನೊಬ್ಬ ಇರಲಿ.

ಮುಂದಿನ ಸರದಿ ಯಾರದು?

ಇದು ಕೆಂಗೇರಿಯವರ ಗೋಳು ಎಂದು ಕುಂಬಳಗೋಡಿನವರು, ಬಿಡದಿಯವರು ಪತ್ರಿಕೆ ಮಡಚಿ ಇಡಬಾರದು. ಬೆಂಗಳೂರು ಇದೇ ರಸ್ತೆ ಹಿಡಿದು ನಿಮ್ಮ ಕಡೆಗೇ ಬರುತ್ತಿದೆ. 2025ರಲ್ಲಿ ರಾಮನಗರ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಆಯಿತು. ಸೈಟಿನ ಬೆಲೆ ಏರಿದರೆ ಎಲ್ಲರಿಗೂ ಖುಷಿ. ಆದರೆ ಊರನ್ನು ದೊಡ್ಡ ಊರಿಗೆ ಸೇರಿಸುವ ಮಾತು ಬಂದ ದಿನ ಒಂದೇ ಒಂದು ಪ್ರಶ್ನೆ ಕೇಳಿ: ನಮ್ಮ ಸದಸ್ಯರು ಎಷ್ಟು ಜನ, ಅವರ ಚುನಾವಣೆ ಯಾವಾಗ? ಇದಕ್ಕೆ ತಾರೀಖು ಸಮೇತ ಉತ್ತರ ಸಿಕ್ಕಿದ ಮೇಲೆ ಹಾರ ತುರಾಯಿ ಹಾಕಿಕೊಳ್ಳಿ.

ಕೆಂಗೇರಿಯವರಿಗೂ ಒಂದು ಮಾತು. 369 ವಾರ್ಡು ಎನ್ನುವುದು ಕೆಟ್ಟ ಸುದ್ದಿಯಲ್ಲ. 2011ರ ಗಣತಿಯ ಲೆಕ್ಕದಲ್ಲೇ ನೋಡಿದರೆ ವಾರ್ಡಿಗೆ ಸರಾಸರಿ 23 ಸಾವಿರದ ಹತ್ತಿರ ಬರುತ್ತದೆ. ಅಂದರೆ ಬಾಗಿಲು ಸ್ವಲ್ಪ ಹತ್ತಿರವಾಗುತ್ತದೆ. ವೋಟು ಕೇಳಲು ಬಂದವರಿಗೆ ಬಲ್ಬು ಹಾಕಿಸ್ತೀರಾ, ಕಲ್ಲು ಹಾಸಿಸ್ತೀರಾ ಎಂದು ಕೇಳುವುದು ಇದ್ದದ್ದೇ. ಜೊತೆಗೆ ಇನ್ನೂ ಒಂದು ಕೇಳಿ. ವಾರ್ಡ್ ಸಮಿತಿ ಸಭೆ ತಪ್ಪದೆ ಕರೀತೀರಾ? ಬೃಹತ್ ಪಾಲಿಕೆಯ ಕಾಲದಲ್ಲಿ ತಿಂಗಳ ಮೊದಲ ಶನಿವಾರ ಆ ಸಭೆ ನಡೆಯಬೇಕು ಎಂಬ ಪದ್ಧತಿ ಬಂದಿತ್ತು. ಏಳೂ ಯಜಮಾನರನ್ನು ಒಂದೇ ಕೋಣೆಯಲ್ಲಿ ಕೂರಿಸಿ, ನಾಗರಿಕರ ಎದುರಿಗೆ ಉತ್ತರ ಕೊಡಿಸಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಅಲ್ಲಿಯವರೆಗೆ? ಕರೆಂಟಿಗೆ 1912, ನೀರಿಗೆ ಮತ್ತು ಒಳಚರಂಡಿಗೆ 1916. ಈ ಎರಡು ನಂಬರನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ದೂರು ಕೊಟ್ಟಾಗ ಸಿಗುವ ಸಂಖ್ಯೆಯನ್ನೂ ತಾರೀಖನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಬಾಯಿ ಮಾತು ಗಾಳಿಗೆ ಹೋಗುತ್ತದೆ. ಬರೆದಿಟ್ಟದ್ದನ್ನು ಮುಂದೆ ವೋಟು ಕೇಳಲು ಬಂದವರ ಮುಂದೆ ಹಿಡಿಯಬಹುದು.

ಮೆಟ್ರೋ ಬಂತು, ಹೆದ್ದಾರಿ ಬಂತು, ಕೆಂಗೇರಿಯಿಂದ ಊರಿಗೆ ಹೋಗುವುದು ಸುಲಭವಾಯಿತು. ಇನ್ನು ಕೆಂಗೇರಿಯವರ ಮಾತು ಊರಿಗೆ ಮುಟ್ಟಬೇಕು. ಅದಕ್ಕೆ ಕಂಬ ನೆಡಬೇಕಿಲ್ಲ, ಹಳಿ ಹಾಕಬೇಕಿಲ್ಲ. ಖಾಲಿ ಕುರ್ಚಿಯ ಧೂಳು ಒರೆಸಿ, ಜನ ಆರಿಸಿದವನೊಬ್ಬನನ್ನು ಅದರಲ್ಲಿ ಕೂರಿಸಿದರೆ ಸಾಕು. ಆಮೇಲೆ ಅವನನ್ನು ನೋಡಿಕೊಳ್ಳುವುದು ಬೀದಿಯವರಿಗೆ ಬಿಟ್ಟದ್ದು!