ಗುಳಿಗೆ ನುಂಗಿದರೆ ಉಪವಾಸ ಭಂಗವಲ್ಲ

ದುರ್ಗದಬೈಲಿನ ಪೇಟೆಯಿಂದ ಕಾಯಿಪಲ್ಲೆಯ ಚೀಲ ಹೊತ್ತು ಬರುವ ನಮ್ಮ ತಾಯಂದಿರಲ್ಲಿ ಕೆಲವರು ನಾಲ್ಕು ಹೆಜ್ಜೆಗೊಮ್ಮೆ ನಿಂತು ಸುಧಾರಿಸಿಕೊಳ್ಳುವುದನ್ನು ಕಾಣುತ್ತೇವೆ. ಮನೆಯವರು ಅದನ್ನು ಆಲಸ್ಯವೆನ್ನುತ್ತಾರೆ. ಮನೆಗೆಲಸ ಮಾತ್ರ ಕಡಿಮೆ ಮಾಡುವುದಿಲ್ಲ. ಬಿಡದ ಆಯಾಸಕ್ಕೆ ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯಿಡ್ ಕೊರತೆ ಕಾರಣವಿರಬಹುದು. ರಕ್ತಪರೀಕ್ಷೆ ಮಾಡಿಸಿದರೆ ತಿಳಿಯುವ ಸಂಗತಿಗಳಿವು.

ಥೈರಾಯಿಡ್ ಕೊರತೆಗೆ ವೈದ್ಯರು ಬರೆದುಕೊಡುವ ಥೈರಾಕ್ಸಿನ್ ಗುಳಿಗೆಯನ್ನು ಸಾಮಾನ್ಯವಾಗಿ ಮುಂಜಾನೆ ಬರಿ ಹೊಟ್ಟೆಯಲ್ಲಿ, ಉಪಾಹಾರಕ್ಕೆ ಅರ್ಧ ಅಥವಾ ಒಂದು ಗಂಟೆ ಮೊದಲು, ನೀರಿನೊಡನೆ ಸೇವಿಸಬೇಕು. ಕಬ್ಬಿಣದ ಹಾಗೂ ಕ್ಯಾಲ್ಸಿಯಂ ಗುಳಿಗೆಗಳಿಗೆ ೪ ಗಂಟೆಗಳ ಅಂತರವಿರಲಿ. ಆಯಾಸ ಇಳಿಯಲು ಹಲವು ವಾರಗಳೇ ಬೇಕು. ಎಂಟು ದಿನ ನುಂಗಿ ಗುಣವಿಲ್ಲವೆಂದು ಬಿಡುವುದು ತರವಲ್ಲ.

ಭಾನುವಾರ ಮಾತ್ರ ಈ ಕ್ರಮ ತಪ್ಪುವುದುಂಟು. ಬಲಿಪೂಜೆಗೆ ಮುನ್ನ ಗುಳಿಗೆ ನುಂಗಿದರೆ ಪರಮಪ್ರಸಾದ ಸ್ವೀಕರಿಸುವಂತಿಲ್ಲವೆಂಬ ಹಳೆಯ ಅಂಜಿಕೆ ಇದಕ್ಕೆ ಕಾರಣ. ನಡುರಾತ್ರಿಯಿಂದ ಹನಿ ನೀರನ್ನೂ ಮುಟ್ಟದಿದ್ದ ಕಾಲದ ಅಂಜಿಕೆಯದು. ಜಗದ್ಗುರು ಹನ್ನೆರಡನೆಯ ಪಿಯುಸರು ೧೯೫೩ರಲ್ಲಿಯೇ ಆ ಕಟ್ಟನ್ನು ಸಡಿಲಿಸಿದರು. ೧೯೮೩ರ ಧರ್ಮಸಭೆಯ ಕಾನೂನು ಸಂಹಿತೆಯ ೯೧೯ನೆಯ ವಿಧಿಯಂತೆ ಉಪವಾಸ ಒಂದೇ ಗಂಟೆ. ನೀರಿಗೂ ಔಷಧಕ್ಕೂ ಆ ನಿರ್ಬಂಧವಿಲ್ಲ. ವೃದ್ಧರು, ರೋಗಿಗಳು ಆ ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪ್ರಸಾದ ಸ್ವೀಕರಿಸಬಹುದು. ಅವರ ಆರೈಕೆ ಮಾಡುವವರಿಗೂ ಈ ವಿನಾಯಿತಿಯುಂಟು. ರಾತ್ರಿಯೆಲ್ಲ ಎಚ್ಚರವಿರುವ ಸೊಸೆಯನ್ನು ಸಂಹಿತೆ ಮರೆತಿಲ್ಲ!

ವಿಭೂತಿ ಬುಧವಾರ, ಶುಭಶುಕ್ರವಾರಗಳ ಉಪವಾಸವೂ ಕಾಯಿಲೆಯವರಿಗೆ ಕಡ್ಡಾಯವಲ್ಲ. ಇನ್ಸುಲಿನ್ ಚುಚ್ಚಿಸಿಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಅಂಥವರು ತಪಸ್ಸುಕಾಲಕ್ಕೆ ಮುಂಚಿತವಾಗಿಯೇ ವೈದ್ಯರನ್ನು ಕೇಳಿಕೊಳ್ಳಲಿ.