ಮೊಣಕಾಲಿಗೆ ಇಂಜೆಕ್ಷನ್: ಜಮಾ-ಖರ್ಚಿನ ಲೆಕ್ಕ

ದಾನೋಳಿಯ ಕಡೆ ಅರವತ್ತು ದಾಟಿದ ಶ್ರಾವಕ-ಶ್ರಾವಿಕೆಯರು ನಾಲ್ವರು ಕೂಡಿದರೆ ಮೊಣಕಾಲಿನ ಮಾತು ಬಂದೇ ಬರುತ್ತದೆ. ನಾವು ವ್ಯಾಪಾರಸ್ಥರು ಆಯುಷ್ಯವಿಡೀ ಗಾದಿಯ ಮೇಲೆ ಕಾಲು ಮಡಿಸಿ ಕುಳಿತವರು. ಈಗ ಸಾಮಾಯಿಕಕ್ಕೆ ಕೂಡ್ರಲಾಗದು, ಕುಂಭೋಜದ ಬಾಹುಬಲಿ ಬೆಟ್ಟ ಹತ್ತಲಾಗದು. ಸಮ್ಮೇದ ಶಿಖರಜಿಯ 27 ಕಿ.ಮೀ. ವಂದನೆಯಂತೂ ದೂರವೇ ಉಳಿಯಿತು. ಸಾಂಗಲಿಗೋ ಮಿರಜಿಗೋ ಹೋದರೆ ವೈದ್ಯರು ಕೀಲಿನೊಳಗೆ ಇಂಜೆಕ್ಷನ್ ಕೊಡುವ ಮಾತೆತ್ತುತ್ತಾರೆ. ಸರಕಿನ ಗುಣ ತಿಳಿಯದೆ ಹಣ ಎಣಿಸಬಾರದು.

ಒಂದು ಮಾತು ಮೊದಲೇ ತಿಳಿದಿರಲಿ. ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುತ್ತದೆಂದು ಸಿದ್ಧವಾದ ಇಂಜೆಕ್ಷನ್ ಇನ್ನೂ ಬಂದಿಲ್ಲ. ಇವೆಲ್ಲ ನೋವಿನ ಉಪಶಮನಕ್ಕೆ ಮಾತ್ರ.

ಮೊದಲನೆಯದು ಸ್ಟಿರಾಯ್ಡ್. ಬೆಲೆ ಕಡಿಮೆ, ಗುಣ ಬೇಗ. ಆದರೆ ಕೆಲವು ವಾರಗಳಷ್ಟೇ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 140 ರೋಗಿಗಳನ್ನು ಎರಡು ವರ್ಷ ನೋಡಿದರು. 12 ವಾರಕ್ಕೊಮ್ಮೆ ಸ್ಟಿರಾಯ್ಡ್ ಪಡೆದವರ ಮೃದ್ವಸ್ಥಿ ಬರೀ ಉಪ್ಪುನೀರು ಪಡೆದವರಿಗಿಂತ ಹೆಚ್ಚು ಸವೆದಿತ್ತು, ನೋವಿನಲ್ಲಿ ಅಂತರವಿರಲಿಲ್ಲ. ಆದ್ದರಿಂದ ಇದು ಪದೇ ಪದೇ ಬೇಡ.

ಎರಡನೆಯದು ಹಯಾಲುರಾನಿಕ್ ಆಮ್ಲ. ಕೀಲಿಗೆ ಎಣ್ಣೆ ಬಿಟ್ಟಂತೆ ಎನ್ನುತ್ತಾರೆ. ಬೆಲೆ ಬಹಳ, 2022ರ ದೊಡ್ಡ ವಿಶ್ಲೇಷಣೆಯಲ್ಲಿ ಕಂಡ ಲಾಭ ಅತ್ಯಲ್ಪ. ನಮಗೆ ಮುಖ್ಯವಾದ ಸಂಗತಿ ಬೇರೊಂದಿದೆ. ಈ ಔಷಧದ ಕೆಲವು ಬಗೆಗಳನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಾರೆ. ಹುಂಜ ಪಂಚೇಂದ್ರಿಯ ಜೀವಿ. ಪ್ರಯೋಗಾಲಯದಲ್ಲಿ ಹುದುಗು ಬರಿಸಿ ತಯಾರಿಸಿದ ಬಗೆಯೂ ಸಿಗುತ್ತದೆ. "ಇದು ಯಾವುದರಿಂದ ಮಾಡಿದ್ದು?" ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಚುಚ್ಚಿದ ಮೇಲೆ ಕೇಳಿ ಫಲವಿಲ್ಲ.

ಮೂರನೆಯದು ಪಿ.ಆರ್.ಪಿ. ನಮ್ಮದೇ ರಕ್ತದ ಸಾರ, ಪರಜೀವಿಯ ಪ್ರಶ್ನೆಯಿಲ್ಲ. ಆದರೂ 2021ರಲ್ಲಿ ಆಸ್ಟ್ರೇಲಿಯದ 288 ಜನರ ಪರೀಕ್ಷೆಯಲ್ಲಿ ವರ್ಷದ ಕೊನೆಗೆ ಅದು ಉಪ್ಪುನೀರಿಗಿಂತ ಮೇಲೆನಿಸಲಿಲ್ಲ.

ಯಾವುದನ್ನೇ ಮಾಡಿಸಿರಿ, ಸಕ್ಕರೆ ಕಾಯಿಲೆ ಮತ್ತು ರಕ್ತ ತೆಳುವಾಗಿಸುವ ಗುಳಿಗೆಯ ವಿಷಯ ಮುಂಚೆಯೇ ಹೇಳಿರಿ. ಆಮೇಲೆ ಕೀಲು ಕೆಂಪಾಗಿ ಊದಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಓಡಿರಿ.

ಖರ್ಚಿಲ್ಲದ ಔಷಧವೂ ಉಂಟು. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಹೊಟ್ಟೆ ತುಂಬುವ ಮುನ್ನ ಕೈ ತೊಳೆಯುವ ಅವಮೌದರ್ಯವನ್ನು ನಮ್ಮ ಹಿರಿಯರು ತಪವೆಂದರು. ಮೊಣಕಾಲಿಗೂ ಅದು ಹಿತವೇ. ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರ ಎತ್ತಿ ಹಿಡಿಯುವ ವ್ಯಾಯಾಮ ನಿತ್ಯ ಮಾಡಿದರೆ ತೊಡೆ ಗಟ್ಟಿಯಾಗುತ್ತದೆ. ಸಾಮಾಯಿಕವನ್ನೂ ಕುರ್ಚಿಯ ಮೇಲೆಯೇ ಮಾಡಬಹುದು, ಭಾವ ಶುದ್ಧವಿದ್ದರೆ ಸಾಕು. ಮನೆಯ ಕಿರಿಯರು ಹಿರಿಯರ ಪಕ್ಕ ನಿಂತು ಈ ವ್ಯಾಯಾಮ ಮಾಡಿಸಲಿ.